ಬಕೆಟ್ಟು ತೊಳೆದ ನೀರು

ನೀರು ಚೆಲ್ಲುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಲೆಸೊಥೊದ ನಮ್ಮ ಬೆಟ್ಟದ ಹಳ್ಳಿಯಲ್ಲಿ ಒರತೆಯಿಂದ ನೀರು ಹೊತ್ತು ಏರು ಹತ್ತಿದವರಿಗೆ ಅದರ ಬೆಲೆ ಗೊತ್ತು. ಒಂದು ಪಾತ್ರೆ ತೊಳೆದ ನೀರನ್ನು ಮುಂದಿನ ಪಾತ್ರೆಗೇ ಸುರಿಯಬೇಕು, ಅಮ್ಮ ಕಲಿಸಿದ್ದು ಹಾಗೆ. ಆ ಬುದ್ಧಿವಂತಿಕೆಯೇ ನನ್ನ ಕೆಲಸಕ್ಕೆ ಕುತ್ತು ತಂದಿತ್ತು.

ನಾನು ಔಷಧಿಯ ಗಾಂಜಾ ಬೆಳೆಯುವ ಗಾಜಿನ ಮನೆಯಲ್ಲಿ ಗೊಬ್ಬರ ಕಲಸುವವಳು. ಸರ್ಕಾರದ ಪರವಾನಗಿ ಇರುವ ತೋಟ. ಇಲ್ಲಿನ ಎಣ್ಣೆ ಮೂರ್ಛೆ ಬರುವ ಮಕ್ಕಳ ಔಷಧಿಗೆ ಹೋಗುತ್ತದೆ. ಗಿಡಗಳಿಗೆ ಮಣ್ಣಿಲ್ಲ, ನೀರಲ್ಲೇ ಊಟ. ಒಂದು ಡ್ರಮ್ಮಿನಲ್ಲಿ ಸುಣ್ಣದಂಶದ ಗೊಬ್ಬರ, ಇನ್ನೊಂದರಲ್ಲಿ ರಂಜಕ, ಗಂಧಕ ಸೇರಿದ್ದು. ಎರಡನ್ನೂ ಅಳತೆ ಮಾಡಿ ದೊಡ್ಡ ತೊಟ್ಟಿಯ ನೀರಿಗೆ ಬೇರೆಬೇರೆಯಾಗಿ ಬಿಡಬೇಕು. ಈ ಕೆಲಸ ಕೇಳಿಕೊಂಡು ಇಬ್ಬರು ಬಂದಿದ್ದೆವು, ನಾನು ಮತ್ತು ಹಿರಿಯಳಾದ ಮಾಸೆಬಾತಾ. ಆಕೆಗೆ ಓದು ಬರುವುದಿಲ್ಲವೆಂದು ಕಸಬರಿಗೆ ಕೊಟ್ಟರು, ನನಗೆ ತಕ್ಕಡಿ.

ಆಗಸ್ಟಿನಲ್ಲಿ ಎಲೆಗಳ ಮೇಲೆ ಕಂದು ಚುಕ್ಕೆ ಎದ್ದವು. ಸುಣ್ಣದಂಶ ಸಾಲದೆಂದು ಅದನ್ನು ಹೆಚ್ಚಿಸಿದೆ. ಆಮೇಲೆ ಎಲೆಗಳು ನೇರಳೆಗೆ ತಿರುಗಿದವು; ರಂಜಕ ಹೆಚ್ಚಿಸಿದೆ. ಏನು ಮಾಡಿದರೂ ಗಿಡಗಳು ಸೊರಗುತ್ತಲೇ ಹೋದವು. ಮೇಲ್ವಿಚಾರಕ ಸೆಲ್ಲೊ ಕೆಟ್ಟವರಲ್ಲ, ಆದರೆ ಸೋಮವಾರದೊಳಗೆ ಕಾರಣ ಸಿಗದಿದ್ದರೆ ಗಿಡಗಳನ್ನು ಕಡಿಸಿ, ಕಲಸುವುದಕ್ಕೆ ಬೇರೆಯವರನ್ನು ಇಡುವುದಾಗಿ ಹೇಳಿಬಿಟ್ಟರು. ನನ್ನ ಮಗಳ ಓದು ನಿಂತಿರುವುದೇ ಈ ಕೆಲಸದ ಮೇಲೆ.

ಶುಕ್ರವಾರ ಬೆಳಿಗ್ಗೆ ರಂಜಕದ ಡ್ರಮ್ಮು ಖಾಲಿಯಾಗಿತ್ತು. ಅದನ್ನು ತೊಳೆಯಲು ಬಗ್ಗಿದ ಮಾಸೆಬಾತಾ ಹಾಗೇ ನಿಂತಳು. ಊರಲ್ಲಿ ಜೋಳದ ಬಿಯರು ಮಾಡುವುದರಲ್ಲಿ ಆಕೆಯದು ಎತ್ತಿದ ಕೈ; ತಳದ ಗಸಿ ಯಾವುದು, ಮೇಲಿನ ತಿಳಿ ಯಾವುದು ಎಂದು ಆಕೆಗೆ ಚೆನ್ನಾಗಿ ಗೊತ್ತು. ತಳದ ಬಿಳಿ ಗಸಿಯನ್ನು ಬೆರಳಲ್ಲಿ ಬಳಿದು ನನ್ನ ಮೂಗಿನ ಮುಂದೆ ಹಿಡಿದಳು.

“ಪುಲೆಂಗ್, ನೀ ಹಾಕಿದ್ದೆಲ್ಲ ಇಲ್ಲೇ ಕೂತಿದೆಯಲ್ಲೇ. ಗಿಡಕ್ಕೆ ಹೋಗಿರೋದು ಬರೀ ತಿಳಿ. ಇದಕ್ಕೆ ಬೇರೆ ಏನಾದ್ರೂ ಸುರೀತೀಯಾ?”

“ಏನೂ ಇಲ್ಲವ್ವ. ಸುಣ್ಣದಂಶ ಕಲಸಿದ ಬಕೆಟ್ಟು ತೊಳೆದ ನೀರು, ಅಷ್ಟೆ.”

ಮಾತು ಬಾಯಿಂದ ಹೊರಟಾಗಲೇ ಹೊಳೆಯಿತು. ಸುಣ್ಣದಂಶ, ರಂಜಕ ಎರಡೂ ತೊಟ್ಟಿಯ ನೀರಿಗೆ ಬೀಳುವ ಮೊದಲೇ, ಗಟ್ಟಿ ದ್ರಾವಣವಾಗಿರುವಾಗಲೇ ಸೇರಿದರೆ ಕಲ್ಲಾಗಿ ತಳ ಹಿಡಿಯುತ್ತವೆ. ತರಬೇತಿಯ ಮೊದಲ ಪಾಠವೇ ಅದು. ಡ್ರಮ್ಮುಗಳನ್ನು ಬೆರೆಸಬಾರದೆಂದು ಕಲಿತಿದ್ದೆ, ತೊಳೆದ ನೀರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ದಿನಕ್ಕೆ ಎರಡು ಬಕೆಟ್ಟು ಸುರಿದಿದ್ದೆ, ಅದೂ ಶ್ರದ್ಧೆಯಿಂದ.

ಆಕೆ ಸುಮ್ಮನಿದ್ದಿದ್ದರೆ ಸೋಮವಾರ ನನ್ನ ಕಥೆ ಮುಗಿಯುತ್ತಿತ್ತು. ಯಾಕೆ ಹೇಳಿದೆ ಎಂದು ಕೇಳಿಯೇಬಿಟ್ಟೆ.

“ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು, ಇಲ್ಲ ಅನ್ನಲ್ಲ,” ಅಂದಳು. “ಆದ್ರೆ ಗಸಿ ನೋಡಿಯೂ ಬಾಯಿ ಮುಚ್ಕೊಂಡಿರೋಕೆ ನಂಗೆ ಬರಲ್ಲ.”

ಸೆಲ್ಲೊ ಅವರಿಗೆ ಎಲ್ಲವನ್ನೂ ನಾನೇ ಹೇಳಿದೆ, ಕಂಡುಹಿಡಿದವಳ ಹೆಸರನ್ನೂ. ಚೆನ್ನಾಗಿ ಬೈದು ಎರಡು ವಾರ ಕೊಟ್ಟರು. ಡ್ರಮ್ಮು ಉಜ್ಜಿ, ಮೊದಲಿನ ಅಳತೆಗೇ ಮರಳಿದೆ. ಹತ್ತನೇ ದಿನ ಹಸಿರು ಚಿಗುರು ಕಂಡಿತು. ಮಾಸೆಬಾತಾಳನ್ನು ನೆನೆದರೆ ಈಗಲೂ ಕೈಮುಗಿಯುವಂತಾಗುತ್ತದೆ.

ತೊಳೆದ ನೀರನ್ನು ಚೆಲ್ಲಲು ಮಾತ್ರ ನನಗೆ ಮನಸ್ಸು ಬರಲಿಲ್ಲ. ಅಮ್ಮ ಕಲಿಸಿದ್ದನ್ನು ಮಾಸೆಬಾತಾಳಿಗೆ ಹೇಳುತ್ತ ಕ್ಯಾನಿಗೆ ತುಂಬಿಟ್ಟೆ; ಸೆಲ್ಲೊ ಅವರನ್ನು ಕೇಳಿ ಆಕೆ ಅದನ್ನು ಮನೆಗೆ ಒಯ್ದು, ಇನ್ನಷ್ಟು ನೀರು ಬೆರೆಸಿ ಕುಂಬಳದ ಬಳ್ಳಿಗೆ ಹಾಕಿದಳು. ಏಪ್ರಿಲ್‌ನಲ್ಲಿ ದೊಡ್ಡದೊಂದು ಕುಂಬಳಕಾಯಿ ಹೊತ್ತು ನನ್ನ ಬಾಗಿಲಿಗೆ ಬಂದಳು. ಕೊಡಬೇಕಾದವಳು ನಾನು. ಕಣ್ಣೊರೆಸಿಕೊಳ್ಳುತ್ತ ಕಾಯಿಗೆ ಕೈಚಾಚಿದೆ.

“ಅಳೋದು ಆಮೇಲೆ, ಮೊದಲು ಚಾಕು ತಾ,” ಅಂದಳು. “ಅರ್ಧ ನಿಂಗೆ. ಅದರಲ್ಲಿ ಒಂದು ಹೋಳು ನಿಮ್ಮಮ್ಮಂಗೆ ಕೊಡು. ನೀರು ಚೆಲ್ಲಬೇಡ ಅಂದಿದ್ದು ಅವರೇ ತಾನೇ.”