ಒಂದು ರಬ್ಬರಿನ ಈಟಿ

ಎರಡನೆಯ ರಬ್ಬರು ಕೊಕ್ಕೆಗೆ ಇನ್ನೂ ನಾಲ್ಕು ಬೆರಳು ದೂರವಿರುವಾಗಲೇ ಜಮಾಲಿಯ ಬಲಭುಜ ಕೈಕೊಟ್ಟಿತು. ರಬ್ಬರು ಚಟ್ಟನೆ ಹಿಂದಕ್ಕೆ ಹಾರಿ, ನೀರಿನಡಿ ಮೀನಿಗೆ ಈಟಿ ಹಾರಿಸುವ ಮರದ ಮೀನುಕೋವಿಯ ಮೂತಿಗೆ ಬಡಿಯಿತು. ಕಡಲ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಯ ಜಗಲಿಯಲ್ಲಿ ಮರಗೆಣಸು ತುರಿಯುತ್ತಿದ್ದ ಹೆಂಡತಿ ಸಾರಿಪಾ ತಲೆಯೆತ್ತಲಿಲ್ಲ. ನೋಡಿದರೆ ಅವನಿಗೆ ಇನ್ನಷ್ಟು ನೋವು.

ದೋಣಿಗೂ ಹವಳದ ದಿಬ್ಬಕ್ಕೂ ನಡುವೆ ಸಿಕ್ಕಿ ನಜ್ಜಿದ ಭುಜ ಅದು. ಮೂರು ರಬ್ಬರು ಎಳೆಯುತ್ತಿದ್ದವನಿಗೆ ಈಗ ಒಂದೇ ಗತಿ. ಒಂದು ರಬ್ಬರಿಗೆ ಅವನಪ್ಪನ ಕಾಲದ ಕಿರುಬೆರಳು ದಪ್ಪದ ಈಟಿ, ನಿದ್ದೆಗಣ್ಣಿನ ಅಜ್ಜನಂತೆ ಎದ್ದು, ಎರಡು ಹೆಜ್ಜೆ ಹಾಕಿ, ಮಲಗಿಬಿಡುತ್ತಿತ್ತು.

ಕೆಳಗೆ ದೋಣಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ದಢೂತಿ ಹಸ್ದಿನ್ ಹುಟ್ಟು ನಿಲ್ಲಿಸಿದ. "ಏನೋ ಜಮಾಲಿ, ಮೀನಿಗೇ ಹೇಳ್ಕಳ್ಸು, ಬಂದು ಚುಚ್ಕೊಂಡು ಹೋಗ್ಲಿ! ಶುಕ್ರವಾರ ಬರ್ತೀನಿ, ಆ ಕೋವಿ ನಂಗೆ ಮಾರ್ಬಿಡು. ನನ್ನ ಬಲೆದೋಣೀಲಿ ನೀರು ಮೊಗೆಯೋಕೆ ಒಬ್ರು ಬೇಕು."

"ಮೊಗ್ದು ನಿನ್ ಬಾಯಿಗೇ ಸುರೀತೀನಿ ಮಾವ," ಎಂದ ಜಮಾಲಿ. ಆದರೆ ಮಾರುವುದಿಲ್ಲ ಎಂದು ಹೇಳಲಿಲ್ಲ. ತುರಿಮಣೆಯ ಮೇಲೆ ಸಾರಿಪಾಳ ಕೈ ನಿಂತಿತು.

ಆ ಊರಿನ ಗಂಡಸರಿಗೆ ಈಟಿಯ ತೂಕವೆಂದರೆ ಮೀಸೆಯಿದ್ದಂತೆ. ಈಟಿ ನಿಧಾನವಾದರೆ ರಬ್ಬರು ಹೆಚ್ಚಿಸುವರು, ಮೀನು ಕಿತ್ತುಕೊಂಡು ಹೋದರೆ ಕಬ್ಬಿಣ ಹೆಚ್ಚಿಸುವರು. ಕಬ್ಬಿಣ ಇಳಿಸುವ ಮಾತು ಯಾರ ಬಾಯಲ್ಲೂ ಬಂದದ್ದಿಲ್ಲ.

"ಸಣ್ಣ ಈಟಿ ಹಾಕಿದ್ರೆ?" ಎಂದಳು ಸಾರಿಪಾ.

"ಅದು ಮಕ್ಳು ಆಡೋದು ಕಣೆ."

"ಮಕ್ಳೂ ಒಂದೇ ರಬ್ಬರು ಎಳ್ಯೋದು."

ಅವಳು ಮೀನು ಒಣಗಿಸುವ ತಟ್ಟಿಯಿಂದ ಎರಡು ಕಬ್ಬಿಣದ ಸರಳು ಎಳೆದು ತಂದು ಅವನ ಮುಂದಿಟ್ಟಳು. ಒಂದು ಹಳೆಯ ಈಟಿಯ ಅರ್ಧ ತೂಕದ್ದು, ಇನ್ನೊಂದು ಮೀನು ಸುಡುವ ಕಡ್ಡಿಯಷ್ಟು ತೆಳ್ಳಗಿನದು. ಸಂಜೆಯವರೆಗೆ ಅವನು ಗೊಣಗುತ್ತಲೇ ಎರಡನ್ನೂ ಅರದಿಂದ ಉಜ್ಜಿ ಮೊನೆ ಮಾಡಿದ.

ಮಾರನೆಯ ದಿನ ಆಳವಿಲ್ಲದ ನೀರಿನಲ್ಲಿ ಅರ್ಧ ತೂಕದ್ದು ತೆಂಗಿನ ಸಿಪ್ಪೆಯನ್ನು ಒಂದೂವರೆ ಮಾರು ದೂರದಿಂದ ಹೊಡೆಯಿತು. ಸಾರಿಪಾಗೆ ಆಸೆ ಹತ್ತಿತು. ಕಡ್ಡಿಯಂಥದು ಮಿಂಚಾಗುತ್ತದೆ ಅಂದುಕೊಂಡಳು. ಅದರ ಓಟ ಹೆಚ್ಚಾದದ್ದು ಒಂದಿಷ್ಟೇ. ಗಿಳಿಮೀನಿಗೆ ತಗುಲಿ ಕುಡುಗೋಲಿನಂತೆ ಬಾಗಿತು. ಮೀನು ಮೈ ಕೊಡವಿ ಹೊರಟುಹೋಯಿತು.

"ಇಷ್ಟು ಹಗುರ ಮಾಡಿದ್ರೂ ಇಷ್ಟೇನಾ?" ಅವಳ ಮುಖ ಇಳಿಯಿತು.

ಎಷ್ಟೋ ದಿನಗಳ ಮೇಲೆ ಜಮಾಲಿ ನಕ್ಕ. "ರಬ್ಬರಿಗೂ ಮೈಭಾರ ಇದ್ಯಲ್ಲೇ. ಈಟೀನೇ ಇಲ್ದಿದ್ರೂ ಅದು ತನ್ನ ಮೈ ತಾನೇ ಹೊತ್ಕೊಂಡು ಓಡ್ಬೇಕು, ನಮ್ ಹಸ್ದಿನ್ ಮಾವನ್ ಥರ. ಆ ಇನ್ನೊಂದನ್ನ ಕೊಡು ಇಲ್ಲಿ."

ಶುಕ್ರವಾರ ಹಸ್ದಿನ್ ಕೋವಿ ಕೇಳಿಕೊಂಡು ಬರುವ ಮೊದಲು, ಹೊತ್ತು ಮೂಡುವಾಗಲೇ ಇಬ್ಬರೂ ಹವಳದ ಅಂಚಿನಲ್ಲಿದ್ದರು. ಅವನು ಎಡಗೈಯಿಂದ ರಬ್ಬರೆಳೆದು, ಅರ್ಧ ತೂಕದ ಈಟಿ ಹೂಡಿ ಮುಳುಗಿದ. ಸಾರಿಪಾ ಮರದ ಚೌಕಟ್ಟಿನ ಈಜುಕನ್ನಡಕ ಒತ್ತಿಕೊಂಡು ದೋಣಿಯಂಚಿನಿಂದ ಮುಖವನ್ನು ನೀರಿಗಿಟ್ಟಳು. ಕೆಳಗೆ ಅವನು ನೆರಳಿನಂತೆ ಬಂಡೆಗೆ ಅಂಟಿ ಕಾದ. ಈಟಿ ಹೊರಟಿತು. ಅದರ ಹಿಂದೆ ದಾರ ಗೆರೆ ಎಳೆದಂತೆ ನೆಟ್ಟಗೆ ಸಾಗಿ, ಒಮ್ಮೆಲೇ ಬಿಗಿಯಾಗಿ, ಅದುರಿತು.

ಗಿಳಿಮೀನನ್ನು ದೋಣಿಯೊಳಗೆ ಎಸೆದ ಜಮಾಲಿ ಮೇಲೆ ಹತ್ತಲಿಲ್ಲ. ದೋಣಿಯಂಚು ಹಿಡಿದು ಏದುಸಿರು ಬಿಡುತ್ತ, "ಮೂಡಣಕ್ಕೆ ನಡ್ಸು, ಅಲ್ಲಿ ಇನ್ನೂ ಆಳ ಇದೆ," ಎಂದು ಮತ್ತೆ ಬೋರಲಾದ. ಅವನ ಹಿಮ್ಮಡಿಗಳು ನೀರಿನೊಳಗೆ ಜಾರಿದವು. ಸಾರಿಪಾ ಸದ್ದಾಗದಂತೆ ಹುಟ್ಟನ್ನು ಇಳಿಸಿದಳು.