ಆರಾಮ್ ಅದೀವ್ರಿ ಅಂದ ಊರು

ಹಿರೇಹಡಗಲಿ ದಾಟಿ ಒಳಕ್ಕ ಬಂದ್ರ ನಮ್ಮೂರು ಬೀರನಹಟ್ಟಿ. ನಾನು ಸುಂಕಮ್ಮ. ನನ್ನ ಮಾತು ಬಾಳ ಖಾರ ಅಂತ ಊರೆಲ್ಲಾ ಅಂತಾರ, ಅನ್ಲಿ ಬಿಡ್ರಿ, ಸಪ್ಪನ್ನ ಮಾತು ಯಾರಿಗೆ ಬೇಕಾಗೈತಿ. ಈಗ ಹೇಳೋದು ನಮ್ಮೂರ ವಸ್ತಿ ಬಸ್ಸಿನ ಸುದ್ದಿ. ಅದನ್ನ ನಿಲ್ಲಿಸಿದ್ದು ಸರಕಾರ. ಅದು ಹೊಳ್ಳಿ ಬರದಂಗ ಮಾಡಾಕ ಹೊಂಟಿದ್ದು ನನ್ನ ಮನಿ ಯಜಮಾನ.

ವಸ್ತಿ ಬಸ್ ಅಂದ್ರ ಗೊತ್ತಲ್ಲ, ಸಂಜಿಗೆ ಹಡಗಲಿಯಿಂದ ಬಂದು, ರಾತ್ರಿ ಊರಾಗ ಉಳದು, ಬೆಳಕ ಹರಿಯೋಕಿಂತ ಮೊದ್ಲ ಹೊಳ್ಳಿ ಹೋಗೋ ಬಸ್ಸು. ನಾನು ಲಗ್ನಾಗಿ ಈ ಊರಿಗೆ ಬಂದಿದ್ದೂ ಅದರಾಗ, ಮಗನ್ನ ಹಡೆಯಾಕ ತವರಿಗೆ ಹೋಗಿದ್ದೂ ಅದರಾಗ. ಡ್ರೈವರು, ಕಂಡಕ್ಟರು ಹನಮಪ್ಪನ ಗುಡಿಯಾಗ ಮಲಗತಿದ್ರು. ಅವರ ಊಟ ಪಾಳಿ ಮ್ಯಾಲ. ಇವತ್ತು ನಮ್ಮ ಮನಿ ಆದ್ರ ನಾಳೆ ಬಾಜೂ ಮನಿ ಭರಮಮ್ಮಂದು. ಯಾರೂ ಬರದಿಟ್ಟಿದ್ದಿಲ್ಲ, ಯಾರೂ ನೆನಪು ಮಾಡತಿದ್ದಿಲ್ಲ, ಆದ್ರೂ ಪಾಳಿ ತಪ್ಪಿದ್ದು ನಾ ಕಾಣೆ. ಬೆಳಗಿನ ಜಾವ ಡ್ರೈವರು ಇಂಜಿನ್ ಚಾಲೂ ಮಾಡಿದ್ರ ಊರಿಗೂರ ಎದ್ದು ಕುಂದ್ರತಿತ್ತು, ಕೋಳಿಗೆ ಕೆಲಸ ಇದ್ದಿದ್ದಿಲ್ಲ. ಆ ಡೀಸಲ್ ವಾಸನಿ, ಅದರ ಜೋಡಿ ಒಲಿಯೊಳಗಿನ ಜಾಲಿ ಕಟಗಿ ಹೊಗಿ, ಈಗ ನೆನಸಿದ್ರೂ ಮೂಗಿಗೆ ಬರತೈತಿ. ಆ ದಿನ ಬಾಳ ಚಲೋ ಇದ್ವು. ಹಂಗನ್ನೋದು ವಯಸ್ಸಾದವರ ಚಟ ಅಂತ ನನ್ನ ಸೊಸಿ ನಗತಾಳ.

ಆವಾಗ ಓಬಳೇಶ ಅಂತ ಒಬ್ಬ ಕಂಡಕ್ಟರ್ ಬರತಿದ್ದ. ಕೂಡ್ಲಿಗಿ ಕಡೇವನು, ಇನ್ನಾ ಮೀಸಿ ಬಲಿಯದ ಹುಡುಗ, ಪುಂಡಿಪಲ್ಯ ಅಂದ್ರ ಜೀವ ಬಿಡತಿದ್ದ. ಅವನು ಕೇರಿ ಹುಡುಗ ಅಂತ ತಿಳಿದ ಮ್ಯಾಲ ನಮ್ಮತ್ತಿ ಅವನ ತಾಟು ಹೊರಗ ಕಟ್ಟಿ ಮ್ಯಾಲ ಇಟ್ಲು, ಒಳಗ ಕರೀಲಿಲ್ಲ. ಅವನು ಕಟ್ಟಿ ಮ್ಯಾಲ ಕುಂತು ಉಂಡ, ತಾಟು ತಾನ ತೊಳದಿಟ್ಟ. ಹಂಗ ಬಾಳ ದಿನ ನಡೀತು. ಒಂದು ಮಳಿಗಾಲದಾಗ ಅವನ ತಾಟಿನಾಗ ಇರಚಲು ನೀರು ಬೀಳೋದನ್ನ ಬಾಗಲದಾಗ ನಿಂತು ನೋಡಿದ ನಮ್ಮತ್ತಿ, ಅದೇನನ್ನಿಸ್ತೋ, ಬಾರಪಾ ಒಳಗ ಅಂದ್ಲು. ಅವತ್ತಿನಿಂದ ಪಡಸಾಲಿಯಾಗ ಉಂಡ. ಊರಾಗ ಯಾರೂ ಇದನ್ನ ದೊಡ್ಡದು ಮಾಡಲಿಲ್ಲ. ಅವನು ಮರೆತಿಲ್ಲ, ಮರೆಯೋ ಮಾತೂ ಅಲ್ಲ ಅದು.

ನಮ್ಮೂರಾಗ ಇನ್ನೊಂದು ರೂಢಿ ಐತಿ. ಮನಿಗೆ ಬಂದವರ ಮುಂದ ಕಷ್ಟ ಹೇಳಬಾರದು. ಅವರು ತಾಟಿಗೆ ಕೈ ಹಾಕ್ಯಾರಂದ್ರ ಮುಗದೇ ಹೋತು, ಹಿತ್ತಲಾಗ ಬಣವಿಗೆ ಬೆಂಕಿ ಬಿದ್ದಿದ್ರೂ 'ಆರಾಮ್ ಅದೀವ್ರಿ, ನೀವು ಉಣ್ರಿ' ಅನ್ನಬೇಕು. ನನ್ನ ಯಜಮಾನ ಪಾಲಾಕ್ಷಪ್ಪ ಅದಾನಲ್ಲ, ಈ ರೂಢಿಯೊಳಗ ಆತನ್ನ ಮೀರಿಸೋರಿಲ್ಲ. ಒಂದು ವರ್ಷ ರೋಗ ಬಂದು ನಮ್ಮ ಕುರಿಹಿಂಡೇ ಹೋತು. ಬೀಗರು ಕೇಳಿದ್ರ 'ಒಂದೆರಡು ಹೋದ್ವು' ಅಂದ. ಆ ವರ್ಷ ವಸ್ತಿ ಬಸ್ಸಿನವರಿಗೆ ನಮ್ಮ ಪಾಳಿ ಬಂದ ರಾತ್ರಿ ಮನಿಯಾಗಿದ್ದಿದ್ದು ಅವರಿಬ್ಬರಿಗೆ ಆಗೋವಷ್ಟ ಹಿಟ್ಟು. ನಿಮ್ಮದಾತಾ ಅಂತ ಓಬಳೇಶ ಕೇಳಿದ. ಆಗಲೇ ಉಂಡೀವಪಾ ಅಂದು ತೇಗಿ ತೋರಿಸಿದ ನನ್ನ ಗಂಡ. ನಾನು ಒಳಗ ಕುಂತು ನೀರು ಕುಡದೆ.

ಓಬಳೇಶ ಮುಂದ ಯೂನಿಯನ್ ಲೀಡರ್ ಆದ, ನೌಕ್ರಿ ಬಿಟ್ಟ, ಎಲೆಕ್ಷನ್‌ಗೆ ನಿಂತ, ಸೋತ, ಮತ್ತ ನಿಂತ. ಈಗ ಅವನು ನಮ್ಮ ಎಮ್ಮೆಲ್ಲೆ. ಅವನು ಅನ್ನಬಾರದು, ಅವರು ಅನ್ನಬೇಕು, ಆದ್ರ ಬಾಯಿಗೆ ಬರಂಗಿಲ್ಲ ನೋಡ್ರಿ.

ಕೊರೋನಾ ಬಂದಾಗ ಬಸ್ ನಿಂತ್ವು. ರೋಗ ಹೋತು, ಉಳಿದ ಊರಿಗೆಲ್ಲಾ ಬಸ್ ಬಂದ್ವು, ನಮ್ಮ ವಸ್ತಿ ಬಸ್ ಮಾತ್ರ ಬರಲಿಲ್ಲ. ಬಿಸಲೇರಿದ ಮ್ಯಾಲ ಒಂದು ಬರತೈತಿ, ಅದು ನನ್ನ ಸೊಸಿಗೆ ಉಪಯೋಗ ಇಲ್ಲ. ಸೊಸಿ ಪುಷ್ಪಲತಾ ಹಡಗಲಿಯ ಒಂದು ದವಾಖಾನಿಯಾಗ ನರ್ಸು. ಕುರಿ ಕಾಯೋ ನಮ್ಮ ಮನೆತನದಾಗ ಸಂಬಳದ ಕೆಲಸಕ್ಕ ಹೋದ ಮೊದಲನೇ ಹೆಣ್ಣುಮಗಳು. ಆಕಿ ಬಿಳಿ ಕೋಟು ಒಗದು ಹಗ್ಗಕ್ಕ ಹಾಕಿದ್ರ ನಾನು ಅದರ ಮುಂದ ಸುಮ್ಮನ ಎರಡು ಸಲ ಅಡ್ಡಾಡತಿದ್ದೆ. ಮಗ ಶಿವಯೋಗಿ ಸುಗ್ಗಿ ಮುಗದ ಮ್ಯಾಲ ಕುರಿ ಹೊಡಕೊಂಡು ಹೊಳಿ ಕಡೆ ಹೋದ್ರ ತಿಂಗಳಗಟ್ಟಲೆ ಬರಂಗಿಲ್ಲ, ಮನಿಯಾಗ ಬೈಕೂ ಇಲ್ಲ. ಹಂಗಾಗಿ ಈಕಿ ಕತ್ತಲಾಗ ಎದ್ದು ಕ್ರಾಸಿನ ತನಕ ನಡೀಬೇಕು, ಅಲ್ಲಿ ಬಂದ ಗಾಡಿಗೆ ಕೈ ಮಾಡಬೇಕು. ಜಾಲಿ ಬೆಳದ ದಾರಿ ಅದು. ಆಕಿ ಹಿಂದಿಂದ ನಮ್ಮ ಯಜಮಾನ ಕೋಲು ಹಿಡಕೊಂಡು ಹೋಗತಿದ್ದ. ಬ್ಯಾಟರಿ ಒಯ್ಯಿರಿ ಅಂದ್ರ, 'ಕುರಿ ಕಾದಾವ್ಗ ಕತ್ತಲೇನು ಹೊಸದಲೇ' ಅನ್ನತಿದ್ದ.

ಗಾಡಿ ಸಿಕ್ರ ಸಿಕ್ತು, ಇಲ್ಲಾಂದ್ರ ತಡ. ರಾತ್ರಿಪಾಳಿ ಮಾಡಿದ ನರ್ಸು ಈಕಿ ಬರೋತನ ಮನಿಗೆ ಹೋಗಂಗಿಲ್ಲ, ಆಕೀಗೂ ಮಕ್ಕಳದಾವು. ದೊಡ್ಡ ಡಾಕ್ಟರ್ ಕರದು, ಸಂಕ್ರಾಂತಿ ತನಕ ನೋಡತೀನಮ್ಮ, ಆಮ್ಯಾಲ ಬ್ಯಾರೇವ್ರನ್ನ ತಗೋತೀನಿ ಅಂದ್ರಂತ. ಬೈಲಿಲ್ಲ, ಸಮಾಧಾನದಿಂದ ಹೇಳಿದ್ರಂತ. ಅದಕ್ಕ ಈಕೀಗೆ ಇನ್ನೂ ಸಂಕಟ. ಹಡಗಲಿಯಾಗ ರೂಮು ಮಾಡೋಣ ಅಂದ್ರ ಕೂಸು ಇನ್ನಾ ಮೊಲಿ ಬಿಟ್ಟಿಲ್ಲ, ಅಲ್ಲಿ ನೋಡೋರ್ಯಾರು. ಒಂದಿನ ರೊಟ್ಟಿ ಬಡಿಯೋ ಹೊತ್ನಾಗ ಬಾಜೂ ಕುಂತು 'ಬಿಟ್ಟುಬಿಡತೀನಿ ಅತ್ತಿ' ಅಂದ್ಲು. ನನ್ನ ಕೈಯಾಗಿನ ಹಿಟ್ಟು ಕೆಳಗ ಬಿತ್ತು. ಆಕಿ ಓದಿದ್ದು ನನಗ ಗೊತ್ತೈತಿ, ಗರ್ಭಿಣಿ ಇದ್ದಾಗ ಪರೀಕ್ಷಾ ಬರದಾಕಿ. ನೀ ನೌಕ್ರಿ ಬಿಟ್ರ ನಾ ಊಟ ಬಿಡತೀನಿ ಅಂತ ಬೈದೆ.

ಮರುದಿನ ಓಬಳೇಶನ ಹತ್ರ ಹೋದೆ. ಅವನು ಕುರ್ಚಿ ಬಿಟ್ಟು ಎದ್ದು ಬಂದ. 'ಅಕ್ಕಾ, ಬೆಳಗಾವಿ ಅಧಿವೇಶನದಾಗ ಕೇಳತೀನಿ. ಪ್ರಶ್ನೆ ಹಾಕಿದ್ರ ಸರಕಾರ ಉತ್ತರ ಕೊಡಲೇಬೇಕು. ಉತ್ತರ ಬರಿಯೋಕ ಮೊದ್ಲ ಒಬ್ಬ ಸಾಹೇಬ ನಿಮ್ಮೂರಿಗೆ ಬಂದು ವಿಚಾರಸ್ತಾನ. ಇದ್ದದ್ದು ಇದ್ದಂಗ ಹೇಳ್ರಿ, ಅಷ್ಟ ಸಾಕು' ಅಂದ.

ಸಾಹೇಬ ಬಂದ, ಊಟದ ಹೊತ್ತಿಗೆ ಬಂದ. ಊರಿಗೆ ಬಂದವರು ನಮ್ಮ ಪಡಸಾಲಿ ದಾಟಿ ಹೋಗಂಗಿಲ್ಲ. ನಾನು ಒಳಗ ರೊಟ್ಟಿ ಬಡೀತಿದ್ದೆ, ಆ ಸಪ್ಪಳದಾಗ ಹೊರಗಿನ ಮಾತು ಒಂದೂ ಕೇಳಲಿಲ್ಲ. ಭರಮಮ್ಮ ಶೇಂಗಾ ಹಿಂಡಿ ತಂದ್ಲು, ಯಾರೋ ಗಟ್ಟಿಮಸರು ತಂದ್ರು. ನಮ್ಮವರೆಲ್ಲಾ ಸುತ್ತ ಕುಂತಿದ್ರು. ಸಾಹೇಬ ಹೊಟ್ಟಿ ತುಂಬ ಉಂಡು ಕೈ ಮುಗದು ಹೋದ. ಎಲ್ಲಾ ಹೇಳಿದ್ರೇನು ಅಂತ ಕೇಳಿದ್ರ, 'ಹೇಳಬೇಕಾದ್ದು ಹೇಳಿವಿ' ಅಂದ ನನ್ನ ಗಂಡ. ನಾನು ನಂಬಿದೆ.

ಅಧಿವೇಶನದ ದಿನ ಪುಷ್ಪಲತಾಗ ರಜಾ ಇತ್ತು. ಆಕಿ ಮೊಬೈಲ್ ಕಾಳು ಅಳಿಯೋ ಸೇರಿನ ಮ್ಯಾಲ ನಿಲ್ಲಿಸಿ ಕುಂತ್ವಿ, ಪಡಸಾಲಿ ತುಂಬಿತ್ತು. ಓಬಳೇಶ ಎದ್ದು ನಿಂತು ಕೇಳಿದ: ಹಡಗಲಿ ತಾಲ್ಲೂಕು ಬೀರನಹಟ್ಟಿಯ ವಸತಿ ಬಸ್ಸು ಯಾಕೆ ನಿಂತಿದೆ, ಯಾವಾಗ ಬಿಡುತ್ತೀರಿ. ಮಂತ್ರಿ ಕನ್ನಡಕ ಹಾಕ್ಕೊಂಡು ಓದಿದ. 'ಸದರಿ ಗ್ರಾಮಕ್ಕೆ ಅಧಿಕಾರಿಗಳು ಭೇಟಿ ನೀಡಿ ವಿಚಾರಿಸಲಾಗಿ, ಬಸ್ಸಿನ ಬಗ್ಗೆ ತಮಗೆ ಯಾವುದೇ ತೊಂದರೆ ಇರುವುದಿಲ್ಲ, ಮನೆಗೊಂದು ಬೈಕು ಇದ್ದು ಎಲ್ಲರೂ ಆರಾಮಾಗಿದ್ದೇವೆ ಎಂದು ಗ್ರಾಮದ ಹಿರಿಯರಾದ ಪಾಲಾಕ್ಷಪ್ಪ ಅವರು ಖುದ್ದು ತಿಳಿಸಿರುತ್ತಾರೆ. ಆದ್ದರಿಂದ ವಸತಿ ಬಸ್ಸಿನ ಅವಶ್ಯಕತೆ ಕಂಡುಬಂದಿರುವುದಿಲ್ಲ.'

ನಾನು ಗಂಡನ ಕಡೆ ತಿರುಗಿದೆ. ಆತ ನೆಲ ನೋಡತಿದ್ದ. 'ಸಾಹೇಬ ತುತ್ತು ಬಾಯಿಗಿಡೋ ಹೊತ್ತಿಗೆ ಕೇಳಿದ. ಉಣ್ಣೋರ ಮುಂದ ಹೆಂಗ ಅಳೋದಲೇ' ಅಂದ. ಭರಮಮ್ಮನೂ ಅಲ್ಲೇ ಇದ್ಲು, ಉಳಿದವರೂ ಇದ್ರು, ಎಲ್ಲಾ ತಲಿ ಹಾಕಿ ಹೌದು ಅಂದಿದ್ರಂತ. ನಿಮ್ಮ ಮರ್ಯಾದಿಗಿಷ್ಟು ಬೆಂಕಿ ಹಾಕ, ಸೊಸಿ ಅನ್ನ ಕಸದು ಸಾಹೇಬಗ ಉಪಚಾರ ಮಾಡೀರಿ ಅಂತ ಬಾಯಿಗೆ ಬಂದಂಗ ಬೈದೆ. ಪುಷ್ಪಲತಾ ಮಾತ್ರ ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಮೊಬೈಲ್ ನೋಡತಿದ್ಲು.

ಅಷ್ಟ್ರಾಗ ಓಬಳೇಶ ಮತ್ತ ಎದ್ದ. 'ಮಾನ್ಯ ಅಧ್ಯಕ್ಷರೇ, ಆ ಊರಿನ ವಸತಿ ಬಸ್ಸಿಗೆ ನಾನು ಕಂಡಕ್ಟರ್ ಆಗಿದ್ದೆ' ಅಂದ. ಸಭಾದಾಗ ಒಬ್ಬಿಬ್ಬರು ನಕ್ಕರು. 'ಆ ಪಾಲಾಕ್ಷಪ್ಪನ ಮನೆ ಕಟ್ಟೆ ಮೇಲೂ ಉಂಡಿದ್ದೇನೆ, ಒಳಗೂ ಉಂಡಿದ್ದೇನೆ. ಒಂದು ವರ್ಷ ಅವರ ಕುರಿಹಿಂಡು ಪೂರಾ ಸತ್ತಿತ್ತು. ಆ ರಾತ್ರಿ ನಮಗೆ ರೊಟ್ಟಿ ಹಾಕಿ, ನಮ್ಮದು ಆಗಿದೆ ಅಂದ್ರು. ತಾಟು ತೊಳೆಯೋಕೆ ಹಿತ್ತಲಿಗೆ ಹೋದಾಗ ನೋಡಿದೆ, ಹಿಟ್ಟಿನ ಡಬ್ಬಿ ಬೋರಲು ಹಾಕಿತ್ತು. ನನಗೆ ಗೊತ್ತಾಯ್ತು ಅಂತ ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ಅಂಥವರ ತಾಟಿನಾಗ ಕೈ ಹಾಕಿ, ನಿಮಗೇನರ ತೊಂದ್ರಿ ಐತೇನ್ರಿ ಅಂತ ಕೇಳಿದ್ರ ಇನ್ನೇನು ಅಂತಾರ್ರಿ? ನಮ್ಮ ಕಡೆ ಮಂದಿ ಬಾಯಿಬಿಟ್ಟು ಕೇಳೋದಿಲ್ಲ, ಅದಕ್ಕೇ ನನ್ನನ್ನ ಇಲ್ಲಿಗೆ ಕಳಿಸಿದ್ದಾರೆ. ಊಟ ಮಾಡದ ಅಧಿಕಾರಿಯನ್ನ ಇನ್ನೊಂದು ಸಲ ಕಳಿಸಿ.' ಮೈಲಾರ ಜಾತ್ರಿಯಾಗ ಕಾರಣಿಕ ನುಡಿಯೋ ಹೊತ್ತಿಗೆ ಮಂದಿ ಗಪ್ಪಾಗತಾರಲ್ಲ, ಹಂಗ ಸಭಾ ಗಪ್ಪಾತು. ಮಂತ್ರಿ ಕನ್ನಡಕ ತಗದು, ಕಳಸ್ತೀನಿ ಅಂದ.

ಈ ಸಲ ಬಂದಿದ್ದು ಒಬ್ಬ ಹೆಣ್ಣುಮಗಳು ಆಫೀಸರ್, ಮುಂಜಾನೆ ಬಂದ್ಲು. ನಾನು ಬಾಗಲದಾಗ ನಿಂತು, 'ತಂಗೀ, ನೀರೂ ಕೊಡಂಗಿಲ್ಲ, ಬೇಜಾರಾಗಬ್ಯಾಡ, ಮೊದ್ಲ ನಮ್ಮ ತೊಂದ್ರಿ ಕೇಳಿಬಿಡು' ಅಂದೆ. ನನ್ನ ಜೀವನದಾಗ ಮನಿಗೆ ಬಂದವರಿಗೆ ಹಂಗಂದಿದ್ದು ಅದೇ ಮೊದಲು. ನಾನು ಹೇಳಿದೆ, ಪುಷ್ಪಲತಾ ಹೇಳಿದ್ಲು, ಭರಮಮ್ಮನೂ ಹೇಳಿದ್ಲು. ಆಕಿ ಎಲ್ಲಾ ಕೇಳಿ, 'ಮೊದಲಿನ ಹೇಳಿಕಿ ಯಜಮಾನ್ರದು ಐತಿ. ಬದಲಿ ಮಾಡೋದಿದ್ರ ಅವರೇ ಹೇಳಬೇಕ್ರಿ' ಅಂದ್ಲು.

ಎಲ್ಲಾರೂ ಆತನ್ನ ನೋಡಿದ್ವಿ. ಆತ ಟವಲ್ ತಗದು ಮುಖ ಒರಸಿಕೊಂಡ, ಮತ್ತ ಹೆಗಲಿಗೆ ಹಾಕ್ಕೊಂಡ. ಇವತ್ತೂ ಆರಾಮ್ ಅದೀವ್ರಿ ಅಂತಾನ ಅಂತ ನಾ ತಿಳಕೊಂಡೆ.

'ಸೊಸಿ ಕತ್ತಲಾಗ ಹೋಗತಾಳವ್ವ' ಅಂದ. 'ಹಿಂದ ನಾ ಹೋಗತೀನಿ. ಆಕೀನ ಕಾಯಾಕ ಅಂತ ಇವರು ತಿಳಕೊಂಡಾರ. ನನಗ ಕಣ್ಣು ಕಾಣಂಗಿಲ್ಲವ್ವ. ಹಗಲಿನ್ಯಾಗ ಮಂಜು ಮಂಜು, ಕತ್ತಲಾದ್ರ ಏನೂ ಇಲ್ಲ. ಆಕಿ ಚಪ್ಪಲಿ ಸಪ್ಪಳ ಕೇಳಕೊಂತ ನಡೀತೀನಿ. ಬರೋವಾಗ ಹಾಲಿನವನ ಗಾಡಿ ಬರೋತನ ಕ್ರಾಸಿನ್ಯಾಗ ಕುಂದ್ರತೀನಿ. ನಾಯಿ ಬಂದ್ರ, ಯಾರರ ಕೆಟ್ಟವರು ಬಂದ್ರ, ನನ್ನ ಕೈಲೇ ಏನೂ ಆಗಂಗಿಲ್ಲ. ದಿನಾ ಹೆದರಕೊಂತ ಹೋಗತೀನಿ.'

ಪುಷ್ಪಲತಾ ಎದ್ದು ಹೋಗಿ ಆತನ ಮುಂದ ಕುಂತ್ಲು. ಹೆಬ್ಬೆರಳಿನಿಂದ ರೆಪ್ಪಿ ಎತ್ತಿ ನೋಡಿದ್ಲು. 'ಮಾವಾ, ದಿನಾ ದವಾಖಾನಿಯಾಗ ಕಂಡವರ ಕಣ್ಣಿಗೆ ಔಷಧ ಹಾಕತೀನಿ. ನನಗೊಂದು ಮಾತು ಹೇಳಬಾರದಾ' ಅಂದ್ಲು.

'ಹೇಳಿದ್ರ ನೀ ನೌಕ್ರಿ ಬಿಡತಿದ್ದಿ' ಅಂದ ಆತ.

ಆಫೀಸರ್ ಹೆಣ್ಣುಮಗಳು ಬರಕೊಂಡ್ಲು. ಆಮ್ಯಾಲ ಕುಡಿಯಾಕ ನೀರು ತಾನ ಕೇಳಿದ್ಲು.

ಸಂಕ್ರಾಂತಿಗಿಂತ ಮೊದ್ಲ ವಸ್ತಿ ಬಸ್ ಬಂತು. ಸೊಸಿ ನೌಕ್ರಿ ಉಳೀತು. ಮೊದಲಿನಂಗ ಏನೂ ಇಲ್ಲ ಬಿಡ್ರಿ, ಈಗಿನ ಕಂಡಕ್ಟರ್ ಡಬ್ಬಿ ತರತಾನ, ಊಟಕ್ಕ ಕರದ್ರ ಬ್ಯಾಡಮ್ಮ ಅಂತಾನ, ಮೊಬೈಲ್ ನೋಡಕೊಂತ ಮಲಗತಾನ. ಆದ್ರೂ ಇಂಜಿನ್ ಸಪ್ಪಳಕ್ಕ ನನಗ ಎಚ್ಚರ ಆಗತೈತಿ, ಅಷ್ಟೂ ಸಾಕು ಅನ್ನಿಸತೈತಿ. ಅದೇ ಬಸ್ಸಿನಾಗ ಪುಷ್ಪಲತಾ ಮಾವನ್ನ ಕರಕೊಂಡು ಹೋದ್ಲು, ಕಣ್ಣಿನ ಪೊರಿ ತಗಸಿದ್ಲು.

ಪಟ್ಟಿ ಬಿಚ್ಚೋ ದಿನ ನಾನೂ ಹೋಗಿದ್ದೆ. ಆತ ಕಣ್ಣು ಪಿಳಿಪಿಳಿ ಮಾಡಿ ಮೊದ್ಲ ಗ್ವಾಡಿ ನೋಡಿದ, ಸೊಸಿ ನೋಡಿದ, ಆಮ್ಯಾಲ ನನ್ನ ನೋಡಿದ. ಬಾಳ ಹೊತ್ತು ನೋಡಿದ. 'ಯಾವಾಗ ಇಷ್ಟು ಮುದುಕಿ ಆದೆಲೇ ಸುಂಕಿ' ಅಂದ. ನರ್ಸುಗಳೆಲ್ಲಾ ನಕ್ರು, ನಾನೂ ನಕ್ಕೆ. ಎಷ್ಟು ವರ್ಷದಿಂದ ಈತ ನನ್ನ ಮುಖ ಕಂಡಿದ್ದಿಲ್ಲ ಅನ್ನೋದು ಆಮ್ಯಾಲ ತಲಿಗೆ ಹೋತು, ಅಲ್ಲೇ ದವಾಖಾನಿ ಬೆಂಚಿನ ಮ್ಯಾಲ ಕುಂತು ಮನಸಾರೆ ಅತ್ತೆ.