ಪೆನ್ನಿಯ ಕಲ್ಲುಗಳು

ಟೌನ್ಸ್‌ವಿಲ್ ಬಸ್ಸು ಗಣಿಯೂರು ಮೌಂಟ್ ಐಸಾ ತಲುಪಿದಾಗ ಡೆಸ್ಲಿಯ ಬಲಗಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳವಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡು ಬರುತ್ತಿದ್ದಳು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದು ಬಸ್ಸಿನ ಚಾಲಕನಿಗೇನೂ ಗೊತ್ತಿರಲಿಲ್ಲ. ಆದರೂ ಅವನು ಕೆಳಗಿಳಿದು, ಅವಳ ಚೀಲವನ್ನು ಗಂಡ ನೆವಿಲ್‌ನ ಕಾರಿನವರೆಗೂ ಹೊತ್ತು ತಂದು, "ನಿಧಾನ, ಅಲ್ಲಿ ಕಲ್ಲಿದೆ" ಎಂದು ಮೊಳಕೈ ಹಿಡಿದು ದಾಟಿಸಿ ಹೋದ.

ದಾರಿಯುದ್ದಕ್ಕೂ ನೆವಿಲ್ ಮಾತಾಡಿದ. ಬಿಸಿಲು ಹೇಗಿತ್ತು, ಪಕ್ಕದ ಮನೆಯ ನಾಯಿ ಏನು ಮಾಡಿತು, ಮಾಂಸದ ಪೈ ಮಾರುವ ಅಂಗಡಿಯಲ್ಲಿ ಈಗ ಗ್ರೇವಿ ಕಡಿಮೆ ಹಾಕುತ್ತಾರೆ. ಮೂವತ್ತು ವರ್ಷ ಗಣಿಯ ಕುಲುಮೆಯಲ್ಲಿ ದುಡಿದ ಅವಳ ಗಂಡ ಸಾಮಾನ್ಯವಾಗಿ ದಿನಕ್ಕೆ ಹತ್ತು ಮಾತು ಆಡುವವನು. ಇವತ್ತು ಯಾಕೋ ಬಾಯಿ ಮುಚ್ಚುತ್ತಿಲ್ಲ ಎಂದುಕೊಂಡಳು ಡೆಸ್ಲಿ.

"ಪೆನ್ನಿ ಹೇಗಿದ್ದಾಳೆ?"

"ಚೆನ್ನಾಗೇ ಇದಾಳೆ. ನೋಡ್ತೀಯಲ್ಲ. ನಿಂಗೊಂದು ಆಶ್ಚರ್ಯ ಇದೆ."

ಪೆನ್ನಿ ಒಂದು ಸಣ್ಣ ಉಡ. ಬಾಲ ಬಿಟ್ಟರೆ ಅಂಗೈಗಿಂತ ಸ್ವಲ್ಪ ಉದ್ದ, ಬಾಲದ ತುಂಬ ಮುಳ್ಳು, ಹಳೆಯ ತಾಮ್ರದ ಬಿಲ್ಲೆಯ ಬಣ್ಣ. ಪರವಾನಗಿ ಪಡೆದು ಮನೆಗೆ ತಂದ ಮೇಲೆ ತಿಂಗಳುಗಟ್ಟಲೆ ಅವಳ ಬಾಲದ ತುದಿ ಬಿಟ್ಟು ಬೇರೇನೂ ಕಾಣಿಸಿರಲಿಲ್ಲ. ಡೆಸ್ಲಿ ಪ್ರತಿ ಸಂಜೆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದಳು. ಮುಟ್ಟುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಕಲ್ಲಿನ ಸಂದಿಯಿಂದ ಮೂತಿ ಹೊರಬಂತು. ಆಮೇಲೆ ಕುತ್ತಿಗೆ. ಕೊನೆಗೆ ಪೆನ್ನಿ ಚಿಮಟದ ತುದಿಯಿಂದ ಜಿರಲೆ ಕಿತ್ತುಕೊಂಡು ಓಡಿದಳು. ಆ ದಿನ ಡೆಸ್ಲಿ ತಾನು ಕೆಲಸ ಮಾಡುವ ಶಾಲೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಸುದ್ದಿ ಹೇಳಿದ್ದಳು. ಮೊಮ್ಮಗು ಹುಟ್ಟಿತೇನೋ ಅನ್ನುವ ಹಾಗೆ. ಈಗ ಪೆನ್ನಿಯ ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಅದನ್ನೂ ನೆವಿಲ್‌ಗೆ ಬಿಡಿಸಿ ಹೇಳಿಯೇ ಟೌನ್ಸ್‌ವಿಲ್‌ಗೆ ಹೋಗಿದ್ದಳು.

ಹಿಂದಿನ ಕೋಣೆಯ ಬಾಗಿಲು ತೆಗೆದವಳು ಹಾಗೇ ನಿಂತಳು.

ಪೆಟ್ಟಿಗೆಯಲ್ಲಿ ಕಲ್ಲಿಲ್ಲ. ಒಂದರ ಮೇಲೊಂದು, ಬೆರಳು ತೂರುವಷ್ಟೇ ಸಂದಿ ಬಿಟ್ಟು ಅವಳು ಜೋಡಿಸಿದ್ದ ಕೆಂಪು ಚಪ್ಪಡಿಗಳ ರಾಶಿ ಮಾಯ. ಮೊಣಕೈ ಆಳ ತುಂಬಿದ್ದ ಮಣ್ಣೂ ಮಾಯ. ತಳಕ್ಕೆ ನ್ಯೂಸ್‌ಪೇಪರ್, ನಡುವೆ ಒಂದು ನೀರಿನ ಬಟ್ಟಲು. ಆ ಬಟ್ಟಲಿನ ಹಿಂದೆ, ಮೂಲೆಗೆ ಮೂತಿ ಒತ್ತಿಕೊಂಡು ಪೆನ್ನಿ. ಬಣ್ಣ ಬೂದಿಯಾಗಿತ್ತು. ಮೂತಿಯ ತುದಿ ಗಾಜಿಗೆ ಉಜ್ಜಿ ಉಜ್ಜಿ ಸುಲಿದು ಹೋಗಿತ್ತು.

"ಅಡಗೋಕೆ ಜಾಗ ಇಲ್ದಿದ್ರೆ ಮನುಷ್ಯರಿಗೆ ಬೇಗ ಹೊಂದಿಕೊಳ್ತಾವಂತೆ," ಎಂದ ನೆವಿಲ್ ಹಿಂದಿನಿಂದ. "ನಮ್ಮ ಸರೀಸೃಪ ಸಂಘದ ಮರ್ರಿ ಹೇಳ್ದ. ಶನಿವಾರ ಸಂಘದ ಪ್ರದರ್ಶನ ಅಲ್ವಾ? ನೀನು ಅವಳನ್ನ ಭುಜದ ಮೇಲೆ ಕೂರಿಸ್ಕೊಂಡು..."

"ಎಷ್ಟು ದಿನ ಆಯ್ತು?"

"ನೀನು ಹೋದ ಮಾರನೇ ದಿನ..."

"ಅದೇನು ಆ ಡಬ್ಬಿ?"

ಕಿಟಕಿಯ ಕಟ್ಟೆಯ ಮೇಲೆ ಐಸ್‌ಕ್ರೀಮಿನ ಡಬ್ಬಿ. ಒಳಗೆ ಒದ್ದೆ ಟಿಶ್ಯೂವಿನಲ್ಲಿ ಸುತ್ತಿಟ್ಟ ಎರಡು ಮೊಟ್ಟೆ. ಎರಡೂ ಒಣ ದ್ರಾಕ್ಷಿಯ ಹಾಗೆ ಮುದುಡಿದ್ದವು.

"ಪೇಪರ್ ಮೇಲೇ ಹಾಕಿದ್ಲು," ನೆವಿಲ್‌ನ ದನಿ ಸಣ್ಣದಾಯಿತು. "ಬದುಕಬಹುದೇನೋ ಅಂತ ಒದ್ದೆ ಮಾಡಿಟ್ಟೆ."

"ಹೂಳೋಕೆ ಮಣ್ಣಿಲ್ಲ ಅಂದ್ರೆ ಇನ್ನೆಲ್ಲಿ ಹಾಕ್ತಾಳೆ? ನಿನ್ನ ತಲೆ ಮೇಲಾ?" ಡೆಸ್ಲಿ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದಳು. "ಮಿಕ್ಕಿದ್ದು ಇನ್ನೂ ಅವಳ ಹೊಟ್ಟೇಲೇ ಇವೆ. ಜಾಗ ಸಿಗಲಿಲ್ಲ ಅಂದ್ರೆ ಹಿಡಿದಿಟ್ಕೋತಾಳೆ. ಹಿಡಿದಿಟ್ಟುಕೊಂಡೇ ಸಾಯ್ತಾಳೆ. ಹೇಳಿರ್ಲಿಲ್ವಾ ನಿಂಗೆ? ಈ ಕೋಣೇಲೇ ನಿಂತು ಹೇಳಿರ್ಲಿಲ್ವಾ?"

"ಮೊಟ್ಟೆ ಇರೋ ಹೆಣ್ಣು ಮೆತ್ತಗಿರುತ್ತೆ, ಪಳಗಿಸೋಕೆ ಇದೇ ಸಮಯ ಅಂತ ಮರ್ರಿ..."

"ಮರ್ರಿ ಹೆತ್ತಿದಾನಾ ಯಾವತ್ತಾದ್ರೂ?"

ನೆವಿಲ್ ಡಬ್ಬಿ ಎತ್ತಿ ಬೆನ್ನ ಹಿಂದೆ ಹಿಡಿದುಕೊಂಡ.

"ಕಲ್ಲೆಲ್ಲಿ?"

"ಮರ್ರಿ ಹತ್ರ. ಪ್ರದರ್ಶನದ ಮೇಜು ಅಲಂಕಾರಕ್ಕೆ."

"ಮಣ್ಣು?"

"ಟೊಮೆಟೊ ಪಾತಿಗೆ ಹಾಕ್ದೆ."

ಡೆಸ್ಲಿ ಚೀಲ ಬಿಚ್ಚಲಿಲ್ಲ, ಚಹಾ ಕುಡಿಯಲಿಲ್ಲ. ಒಂದು ಹಳೆಯ ಚಾದರವನ್ನು ಪೆಟ್ಟಿಗೆಯ ಗಾಜಿನ ಮೇಲೆ ಇಳಿಬಿಟ್ಟು ಪೆನ್ನಿಗೆ ಕತ್ತಲು ಮಾಡಿಕೊಟ್ಟು, ಹೋಗಿ ಮತ್ತೆ ಕಾರಿನಲ್ಲಿ ಕುಳಿತಳು.

ಸರೀಸೃಪ ಸಂಘದ ಅಧ್ಯಕ್ಷ ಮರ್ರಿಯ ಶೆಡ್ಡು ಊರಾಚೆ ಒಣಗಿದ ಹಳ್ಳದ ಪಕ್ಕದಲ್ಲಿತ್ತು. ಅವನು ಎಂದಿನ ಹಾಗೆ ತನ್ನ ಉಡವನ್ನು ಭುಜದ ಮೇಲೆ ಕೂರಿಸಿಕೊಂಡೇ ಹೊರಬಂದ.

"ಏನ್ ಡೆಸ್, ಕಡಲುಗಳ್ಳರ ನಾಯಕಿ ಆಗಿಬಿಟ್ಯಲ್ಲ, ಒಕ್ಕಣ್ಣು! ಭುಜದ ಮೇಲೆ ಗಿಳಿ ಒಂದು ಕಮ್ಮಿ."

"ನನ್ನ ಕಲ್ಲು ಕೊಡು."

"ಶನಿವಾರ ಕಳೀಲಿ, ನಾನೇ ತಂದು..."

"ಈಗ."

ಮರ್ರಿ ನೆವಿಲ್‌ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನೆವಿಲ್ ತನ್ನ ಬೂಟನ್ನು ನೋಡಿಕೊಳ್ಳುತ್ತಿದ್ದ. "ಅಲ್ಲಾ, ಒಂದು ಹಲ್ಲಿಗೋಸ್ಕರ ಇಷ್ಟೊಂದಾ? ನಂದನ್ನ ನೋಡು. ಹದಿನೈದು ದಿನ ಬೋಳು ಪೆಟ್ಟಿಗೇಲಿಟ್ಟೆ. ಈಗ ಮಗು ಇದ್ದ ಹಾಗಿದೆ. ಯಾರು ಬೇಕಾದ್ರೂ ಮುಟ್ಟಬಹುದು."

ಡೆಸ್ಲಿ ಹತ್ತಿರ ಹೋಗಿ, ಒಳ್ಳೆಯ ಕಣ್ಣಿನಿಂದ ಆ ಉಡವನ್ನು ನೋಡಿದಳು. ಅದರ ಕಣ್ಣು ಮುಚ್ಚಿತ್ತು. ಹಾಡುಹಗಲು, ಬಿಸಿಲು, ಮುಂದೆ ಹೊಸ ಮುಖ, ಆದರೂ ಕಣ್ಣು ಮುಚ್ಚಿತ್ತು. ಪಕ್ಕೆ ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು.

"ಇದು ಪಳಗಿಲ್ಲ ಮರ್ರಿ. ಸೋತುಹೋಗಿದೆ," ಎಂದಳು. "ನೋಡಬಾರದ್ದು ಎದುರಿಗೇ ಇದೆ, ಓಡೋಕೆ ದಾರಿ ಇಲ್ಲ ಅಂದಾಗ ನಾವೂ ಹೀಗೇ ಕಣ್ಣು ಮುಚ್ಕೋತೀವಿ. ಇಷ್ಟು ವರ್ಷ ಇದನ್ನ ಭುಜದ ಮೇಲೆ ಹೊತ್ಕೊಂಡು ತಿರುಗಿದೀಯಲ್ಲ, ಒಂದು ಸಲ ಅದರ ಮುಖ ನೋಡಿದೀಯಾ? ನಿಂಗೆ ಬೇಕಾಗಿದ್ದು ಉಡ ಅಲ್ಲಪ್ಪಾ, ಪದಕ."

ಮರ್ರಿಯ ನಗು ಆರಿತು. "ಸಂಘದಲ್ಲಿರೋಕೆ ಇಷ್ಟ ಇಲ್ಲ ಅಂದ್ರೆ..."

"ಇಲ್ಲ. ಸಾಕಾ?"

ಅಷ್ಟರಲ್ಲಿ ಮರ್ರಿಯ ಹೆಂಡತಿ ಜಾಯ್ಲೀನ್ ಶೆಡ್ಡಿನ ಹಿಂದಿನಿಂದ ಕೈಗಾಡಿ ತಳ್ಳಿಕೊಂಡು ಬಂದಳು. ಕಲ್ಲುಗಳು ಅದರಲ್ಲಿದ್ದವು. ಒಂದಕ್ಕೊಂದು ತಾಗಿ ಚಕ್ಕೆ ಏಳದಿರಲೆಂದು ನಡುನಡುವೆ ಹಳೆಯ ಟವೆಲ್ ಮಡಿಸಿಟ್ಟಿದ್ದಳು. ಗಂಡನ ಕಡೆ ನೋಡಲಿಲ್ಲ. "ನೀನು ಎತ್ತಬೇಡ, ಕಣ್ಣಿಗೆ ಆಗಲ್ಲ," ಎಂದು ಡೆಸ್ಲಿಗೆ ಹೇಳಿ, ಒಂದೊಂದನ್ನೇ ಕಾರಿನ ಡಿಕ್ಕಿಗೆ ಇಟ್ಟಳು. ಅವಳೊಂದಿಗೆ ಎರಡು ಮಾತಾಡಬೇಕೆನಿಸಿತು ಡೆಸ್ಲಿಗೆ. ಆದರೆ ಭುಜ ಮುಟ್ಟಿ ಕಾರು ಹತ್ತಿದಳು.

ಮನೆಗೆ ಬಂದು ಅವಳು ಕುರ್ಚಿಯಲ್ಲಿ ಕುಳಿತಳು. ಬಗ್ಗುವ ಹಾಗಿಲ್ಲ, ಎತ್ತುವ ಹಾಗಿಲ್ಲ. ಜಗತ್ತಿನಲ್ಲಿ ಈ ಹೊತ್ತಿಗೆ ಅವಳಿಗೆ ಯಾರ ಕೈ ಬೇಡವೋ ಅದೇ ಕೈಯಿಂದ ಕೆಲಸ ಮಾಡಿಸಬೇಕಾಗಿತ್ತು.

"ಪಾತಿ ಮಣ್ಣು ಬೇಡ, ಗೊಬ್ಬರ ಸೇರಿದೆ. ಹಳ್ಳದಿಂದ ಹೊಸದು ತಾ."

ತಂದ.

"ನೀರು ಹಾಕಿ ಕಲಸು. ಮುಷ್ಟೀಲಿ ಹಿಸುಕು. ಉಂಡೆ ನಿಲ್ತಾ?"

"ಒಡೀತು."

"ಹಾಗಾದ್ರೆ ಅವಳ ಬಿಲಾನೂ ಕುಸಿಯುತ್ತೆ. ಇನ್ನೂ ನೀರು."

ಪೆನ್ನಿಯನ್ನು ಒಂದು ದಿಂಬಿನ ಚೀಲದಲ್ಲಿಟ್ಟು, ಮಣ್ಣು ತುಂಬಿಸಿ, ಕಲ್ಲು ಜೋಡಿಸಲು ಶುರುಮಾಡಿದರು. ನೆವಿಲ್ ಧಾರಾಳವಾಗಿ ಸಂದಿ ಬಿಟ್ಟ.

"ಅದೇನು ಗ್ಯಾರೇಜಾ? ಕಾರು ನಿಲ್ಲಿಸ್ತೀಯಾ?"

"ಆರಾಮಾಗಿರ್ಲಿ ಅಂತ ಕಣೇ."

"ಆರಾಮು ನಿಂಗೆ! ಅವಳಿಗೆ ಕೆಳಗಿನ ಕಲ್ಲು ಹೊಟ್ಟೆಗೆ ತಾಗ್ಬೇಕು, ಮೇಲಿನ ಕಲ್ಲು ಬೆನ್ನಿಗೆ ತಾಗ್ಬೇಕು. ಎರಡೂ ಕಡೆ ಒತ್ತಿದ್ರೇನೇ ಯಾರೂ ಹೊರಗೆ ಎಳೆಯಲ್ಲ ಅಂತ ಧೈರ್ಯ. ತೆಗಿ. ಮತ್ತೆ ಇಡು."

ಮೂರು ಸಲ ಕೆಡವಿಸಿದಳು. ಒಂದೊಂದು ಸಲವೂ ಕೆಡವಲೇಬೇಕೆಂದೇನೂ ಇರಲಿಲ್ಲ. ಬೆರಳ ಗೆಣ್ಣು ಜಜ್ಜಿ ರಕ್ತ ಬಂದರೂ ನೆವಿಲ್ ಮತ್ತೆ ಮತ್ತೆ ಜೋಡಿಸಿದ. ಕೊನೆಗೆ ಚೀಲದ ಬಾಯಿ ಬಿಚ್ಚಿದಾಗ ಪೆನ್ನಿ ಮಣ್ಣಿನ ಮೇಲೆ ಒಂದು ಕ್ಷಣ ನಿಂತಳು. ಆಮೇಲೆ ಅತ್ಯಂತ ಕೆಳಗಿನ ಸಂದಿಗೆ ನೀರು ಇಂಗಿದ ಹಾಗೆ ಇಳಿದುಹೋದಳು.

ಗುರುವಾರ ಕಾಣಿಸಲಿಲ್ಲ. ಶುಕ್ರವಾರವೂ ಇಲ್ಲ. ತಿನ್ನಲು ಬಿಟ್ಟ ಜಿರಲೆಗಳು ಹಾಗೇ ಓಡಾಡಿಕೊಂಡಿದ್ದವು. ಡೆಸ್ಲಿ ಗಂಡನೊಂದಿಗೆ ಉಪ್ಪು, ಬೆಣ್ಣೆ, ಬಾಗಿಲು ಇಷ್ಟೇ ಮಾತಾಡಿದಳು. ಹೊತ್ತುಹೊತ್ತಿಗೆ ಅವಳ ಕಣ್ಣಿಗೆ ಔಷಧಿ ಹನಿಸುವವನು ಅವನೇ. ಹನಿಸುವಾಗ ಅವನ ಉಸಿರು ಮುಖಕ್ಕೆ ತಾಗುತ್ತಿತ್ತು, ಅವಳು ಚಾವಣಿ ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಮರ್ರಿಯ ವ್ಯಾನು ಮನೆ ಮುಂದೆ ನಿಂತಿತು. ಡೆಸ್ಲಿ ಏಳುವಷ್ಟರಲ್ಲಿ ನೆವಿಲ್ ಬಾಗಿಲಲ್ಲಿದ್ದ.

"ಹಳೇದೆಲ್ಲ ಬಿಟ್ಟಾಕು ನೆವ್," ಅನ್ನುತ್ತಿದ್ದ ಮರ್ರಿ. "ಪಟ್ಟೀಲಿ ಪೆನ್ನಿ ಹೆಸರಿದೆ. ಮಕ್ಕಳು ಕಾಯ್ತಿದಾರೆ. ಒಂದು ಗಂಟೆ, ಅಷ್ಟೇ."

"ಆಗಲ್ಲ."

"ಹೆಂಡ್ತಿಗೆ ಹೆದರ್ಕೊಂಡ್ಯಾ?"

"ಹೂಂ, ಹೆದರ್ಕೊಂಡಿದೀನಿ. ನೀನೂ ಹೆದರ್ಕೋ," ಎಂದ ನೆವಿಲ್. "ನಿನ್ನ ಮಾತು ಕೇಳಿ ಪೆನ್ನೀನ ಸಾಯೋ ಹಾಗೆ ಮಾಡಿದೀನಿ ಮರ್ರಿ. ಈ ಮೆಟ್ಟಿಲು ಇನ್ನು ಹತ್ತಬೇಡ." ಬಾಗಿಲು ಹಾಕಿದ.

ಡೆಸ್ಲಿ ಅದನ್ನು ಕೇಳಿಸಿಕೊಂಡಳು. ಮೊದಲೇ ಹೀಗೆ ಹೇಳೋಕೆ ಏನಾಗಿತ್ತು ಎಂದು ಇನ್ನಷ್ಟು ಸಿಟ್ಟು ಬಂತು.

ಮಧ್ಯಾಹ್ನದ ಹೊತ್ತಿಗೆ ದೀಪದ ಕೆಳಗಿನ ಬಿಸಿ ಕಲ್ಲಿನ ಮೇಲೆ ಪೆನ್ನಿ ಬಂದು ಚಪ್ಪಟೆಯಾಗಿ ಮಲಗಿದ್ದಳು. ಮೂತಿಯಿಂದ ಮುಂಗಾಲಿನವರೆಗೆ ಒದ್ದೆ ಮಣ್ಣು ಮೆತ್ತಿತ್ತು. ಪಕ್ಕೆಗಳು ಗಾಳಿ ಹೋದ ಬಲೂನಿನಂತೆ ಜೋತು, ಚರ್ಮ ಮಡಿಕೆ ಮಡಿಕೆಯಾಗಿ ನಿಂತಿತ್ತು. ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ ಯಾರೋ ಅಂಗೈಯಿಂದ ತಟ್ಟಿದ ಹಾಗೆ ಮಣ್ಣು ಸಮವಾಗಿತ್ತು.

ಹಾಕಿದ್ದಳು. ಹೂತಿದ್ದಳು. ಬದುಕಿದ್ದಳು.

ಡೆಸ್ಲಿ ಚಿಮಟದಲ್ಲಿ ಒಂದು ಜಿರಲೆ ಹಿಡಿದು ಕೈ ಚಾಚಿದಳು. ಚಿಮಟ ಪೆಟ್ಟಿಗೆಯ ಅಂಚು ದಾಟುವ ಮೊದಲೇ ಪೆನ್ನಿ ಛಂಗನೆ ಹಾರಿ ಸಂದಿ ಸೇರಿದಳು. ಬಾಲದ ತುದಿಯೂ ಹೊರಗೆ ಉಳಿಯಲಿಲ್ಲ. ಮಳೆಗಾಲದಿಂದ ಕಾದು ಗಳಿಸಿದ್ದ ನಂಬಿಕೆಯೆಲ್ಲ ಹೋಗಿತ್ತು.

ಬಾಗಿಲ ಬಳಿ ನೆಲದ ಹಲಗೆ ಕಿರುಗುಟ್ಟಿತು. ನೆವಿಲ್ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ ನಿಂತಿದ್ದ.

"ಹಾಕಿದ್ಲಾ?" ಪಿಸುಗುಟ್ಟಿದ.

"ಹಾಕಿದಾಳೆ."

ಅವನು ಗೋಡೆಗೆ ಒರಗಿ ಮುಖ ಒರೆಸಿಕೊಂಡ. "ಇನ್ನೂ ಸಿಟ್ಟಾ ನನ್ನ ಮೇಲೆ?" ಎಂದ.

"ಹೌದು. ಇನ್ನೂ ಬಹಳ ದಿನ ಇರುತ್ತೆ," ಎಂದಳು ಡೆಸ್ಲಿ, ಸಂದಿಯಿಂದ ಕಣ್ಣು ತೆಗೆಯದೆ. "ಒಳಗೆ ಬರಬೇಡ. ಅಲ್ಲೇ ಕೂತ್ಕೋ. ಮಾತಾಡಬೇಡ, ಅಲ್ಲಾಡಬೇಡ. ನಾಳೆನೂ ಬಂದು ಕೂತ್ಕೋ, ನಾಡಿದ್ದೂ."

ನೆವಿಲ್ ಹೊಸ್ತಿಲಾಚೆ ನೆಲದ ಮೇಲೆ ನಿಧಾನವಾಗಿ ಕುಳಿತ.